ಮನೆ, ಮಕ್ಕಳು, ಸ್ನೋಬೋರ್ಡ್: ಹತ್ತಿರದ ಗುಡ್ಡಕ್ಕೆ ಹೋಗುವವರು ಹೇಗೆ ಹೊಂದಿಸುತ್ತೀರಿ? (ಡೆಟ್ರಾಯಿಟ್ ಸುತ್ತಮುತ್ತ)

ಕ್ಯಾಂಟನ್ ಅಪ್ಪ

ಎಲ್ಲರಿಗೂ ನಮಸ್ಕಾರ. ಡೆಟ್ರಾಯಿಟ್ ಸುತ್ತಮುತ್ತಲಿನ ಕನ್ನಡದವರಲ್ಲಿ ಸ್ನೋಬೋರ್ಡ್ (ಎರಡು ಕಾಲೂ ಒಂದೇ ಹಲಗೆಗೆ ಕಟ್ಟಿಕೊಂಡು ಸ್ನೋ ಮೇಲೆ ಜಾರುವುದು) ಮಾಡುವವರು ಯಾರ್ಯಾರು ಇದ್ದೀರಿ? ನಾನು ಮದುವೆಗೆ ಮುಂಚೆ ಕಲಿತವನು. ಈಗ ಒಂಬತ್ತು ವರ್ಷದ ಮಗಳು, ಐದು ವರ್ಷದ ಮಗ ಇದ್ದಾರೆ. ನನಗೂ ಹೆಂಡತಿಗೂ ಕೆಲಸ. ಬೋರ್ಡ್ ಮಾತ್ರ ಬಿಡಲು ಮನಸ್ಸಾಗುತ್ತಿಲ್ಲ.

ನಮ್ಮಲ್ಲಿ ಸೀಸನ್ ಇರುವುದೇ ಚಿಕ್ಕದು. ಡಿಸೆಂಬರ್‌ನಲ್ಲಿ ಶುರುವಾಗಿ ಮಾರ್ಚ್ ಮಧ್ಯದ ಹೊತ್ತಿಗೆ ಮುಗಿಯುತ್ತದೆ. ಅಷ್ಟರೊಳಗೆ ಕ್ರಿಸ್‌ಮಸ್ ರಜೆ, ಸಂಕ್ರಾಂತಿ ಕಾರ್ಯಕ್ರಮ, ಅದಕ್ಕೆ ಮಕ್ಕಳ ಡ್ಯಾನ್ಸ್ ಪ್ರಾಕ್ಟೀಸ್, ಕನ್ನಡ ಕ್ಲಾಸ್, ಈಜು, ಯಾರದಾದರೂ ಹುಟ್ಟುಹಬ್ಬ. ಶನಿವಾರ ಬೆಳಿಗ್ಗೆ ಗುಡ್ಡಕ್ಕೆ ಹೊರಟರೆ ಮನೆ ಸೇರುವಾಗ ಮಧ್ಯಾಹ್ನ ಮೂರು. ಅಲ್ಲಿಗೆ ಆ ದಿನ ಮುಗಿದ ಹಾಗೆ. ಹೆಂಡತಿ ಬೇಡ ಅನ್ನುವುದಿಲ್ಲ. ಆದರೆ ನನ್ನ ಶನಿವಾರದ ಜೊತೆ ಅವಳ ಶನಿವಾರವೂ ಹೋಗುತ್ತದೆ, ಅಲ್ವಾ?

ಮೌಂಟ್ ಬ್ರೈಟನ್ ಗುಡ್ಡ ನಮ್ಮ ಮನೆಯಿಂದ ಅರ್ಧ ಗಂಟೆ ದಾರಿ. ಪೈನ್ ನಾಬ್, ಮೌಂಟ್ ಹಾಲಿ, ಆಲ್ಪೈನ್ ವ್ಯಾಲಿ ಕೂಡ ತುಂಬಾ ದೂರ ಏನಲ್ಲ. ಮನೆ ಮಕ್ಕಳನ್ನು ನೋಡಿಕೊಂಡು ಇದನ್ನೂ ನಡೆಸಿಕೊಂಡು ಹೋಗುತ್ತಿರುವವರು ಹೇಗೆ ಮಾಡುತ್ತಿದ್ದೀರಿ, ಬಿಡಿಸಿ ಹೇಳಿ. ಒಬ್ಬರೇ ಹೋಗುತ್ತೀರಾ, ಎಲ್ಲರೂ ಹೋಗುತ್ತೀರಾ? ಮಕ್ಕಳಿಗೆ ಯಾವಾಗ ಶುರು ಮಾಡಿಸಿದಿರಿ?

ನೋವಿ ನಿವಾಸಿ

ವಾರದ ದಿನ ಸಂಜೆ ಹೋಗಿ ಸರ್. ನನ್ನ ಉತ್ತರ ಇಷ್ಟೇ. ಯಾಕೆ ಅಂತ ಹೇಳುತ್ತೇನೆ.

ನಮ್ಮ ಗುಡ್ಡಗಳು ಚಿಕ್ಕವು. ಮೌಂಟ್ ಬ್ರೈಟನ್ ತುದಿಯಿಂದ ಬುಡಕ್ಕೆ ಸುಮಾರು 230 ಅಡಿ. ಪೈನ್ ನಾಬ್ 300, ಮೌಂಟ್ ಹಾಲಿ 350. ಉತ್ತರಕ್ಕೆ ನಾಲ್ಕು ಗಂಟೆ ಗಾಡಿ ಓಡಿಸಿಕೊಂಡು ಬಾಯ್ನ್ ಮೌಂಟನ್‌ಗೆ ಹೋದರೂ 500 ಅಡಿಯೇ. ಬ್ರೈಟನ್‌ನಲ್ಲಿ ಮೇಲಿಂದ ಕೆಳಗೆ ಬರಲು ಒಂದು ನಿಮಿಷವೂ ಬೇಡ. ಇಷ್ಟು ಚಿಕ್ಕ ಗುಡ್ಡದಲ್ಲಿ ಏನಿದೆ ಅಂತ ಜನ ಕೇಳುತ್ತಾರೆ. ಮನೆಯಲ್ಲಿ ಚಿಕ್ಕ ಮಕ್ಕಳಿರುವವರಿಗೆ ಇಂಥ ಗುಡ್ಡವೇ ಸರಿ. ಸಂಜೆ ದೀಪ ಹಾಕಿರುತ್ತಾರೆ. ಮಂಗಳವಾರ, ಬುಧವಾರ ಗುಡ್ಡದ ಮೇಲಕ್ಕೆ ಒಯ್ಯುವ ಲಿಫ್ಟ್ ಹತ್ತಿರ ಕ್ಯೂ ಇರುವುದಿಲ್ಲ. ಇಳಿದ ಕೂಡಲೇ ಮತ್ತೆ ಹತ್ತಬಹುದು. ಎರಡು ಗಂಟೆಯಲ್ಲಿ ಹದಿನೈದು ಇಪ್ಪತ್ತು ಸಲ ಇಳಿದರೆ ಕಾಲು ಸಾಕು ಅನ್ನುತ್ತದೆ. ಅದೇ ಶನಿವಾರ ಹನ್ನೊಂದಕ್ಕೆ ಹೋದರೆ ಪಾರ್ಕಿಂಗ್, ಬಾಡಿಗೆ ಕೌಂಟರ್, ಲಿಫ್ಟ್, ಎಲ್ಲ ಕಡೆ ನಿಲ್ಲಬೇಕು. ಐದು ಗಂಟೆ ಇದ್ದರೂ ಅಷ್ಟೇ ಸಲ ಇಳಿಯುವುದು.

ನಾನು ಆಫೀಸಿನಿಂದ ಸೀದಾ ಹೋಗುವುದಿಲ್ಲ. ಮನೆಗೆ ಬಂದು, ಮಕ್ಕಳ ಊಟ, ಹೋಂವರ್ಕ್ ಮುಗಿಸಿ ಆರೂವರೆಗೆ ಹೊರಡುತ್ತೇನೆ. ಐ-96 ಹೆದ್ದಾರಿಯಲ್ಲಿ ಆ ಹೊತ್ತಿಗೆ ಟ್ರಾಫಿಕ್ಕೂ ಇಳಿದಿರುತ್ತದೆ. ಬೋರ್ಡ್ ಸೀಸನ್ ಪೂರ್ತಿ ಕಾರಿನಲ್ಲೇ ಇರುತ್ತದೆ. ಬೂಟ್ ಮಾತ್ರ ಮನೆಯೊಳಗೆ ಇಡಿ. ಚಳಿಯಲ್ಲಿ ಬಿಟ್ಟರೆ ಅದು ಎಷ್ಟು ಗಟ್ಟಿಯಾಗುತ್ತದೆ ಅಂದರೆ ಕಾಲು ತೂರಿಸುವಷ್ಟರಲ್ಲಿ ಸುಸ್ತಾಗಿಬಿಡುತ್ತೀರಿ.

ಇನ್ನೊಂದು ವಿಷಯ. ಇಲ್ಲಿ ಆಕಾಶದಿಂದ ಬೀಳುವ ಸ್ನೋ ನಂಬಿಕೊಂಡು ಕೂರಲು ಆಗುವುದಿಲ್ಲ. ಗುಡ್ಡದ ಮೇಲಿರುವುದು ಬಹುಪಾಲು ಯಂತ್ರದ ಸ್ನೋ. ಗಾಳಿಯ ತೇವವನ್ನೂ ಸೇರಿಸಿ ಅಳೆಯುವ ವೆಟ್ ಬಲ್ಬ್ ಉಷ್ಣಾಂಶ ಸುಮಾರು ಮೈನಸ್ 2 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಹೋದರೆ ಸ್ನೋ ಉಗುಳುವ ಗನ್ ಶುರು ಮಾಡುತ್ತಾರೆ. ಎರಡು ಮೂರು ರಾತ್ರಿ ಒಣ ಚಳಿ ಬಿದ್ದಿದ್ದರೆ ಮರುದಿನ ಖಂಡಿತ ಹೋಗಿ. ಹಗಲು ಕರಗಿ ಸಂಜೆ ಹೆಪ್ಪುಗಟ್ಟಿದ ದಿನ ಮನೆಯಲ್ಲೇ ಇರಿ. ಅವತ್ತು ಗುಡ್ಡದ ಮೇಲೆ ಬರೀ ಐಸ್. ಮನೆಯವರ ಜೊತೆ ಕೂತು ಊಟ ಮಾಡಲು ಅಂಥ ದಿನಗಳು ಬೇಕಾದಷ್ಟು ಸಿಗುತ್ತವೆ.

ಟ್ರಾಯ್‌ನಿಂದ

ನನ್ನ ಅಭಿಪ್ರಾಯ ಬೇರೆ. ವಾರವಾರ 230 ಅಡಿ ಹತ್ತಿ ಇಳಿಯುವುದಕ್ಕಿಂತ ವರ್ಷಕ್ಕೊಮ್ಮೆ ಕೊಲರಾಡೋಗೆ ಎಲ್ಲರೂ ಹೋಗಿ ಬನ್ನಿ. ಬ್ರೆಕೆನ್‌ರಿಡ್ಜ್‌ನಲ್ಲಿ ಒಟ್ಟು ಇಳಿಜಾರು ಸುಮಾರು 3,400 ಅಡಿ. ಒಂದು ವಾರ ಕುಟುಂಬವೂ ಒಟ್ಟಿಗೆ ಇರುತ್ತದೆ, ಉಳಿದ ವರ್ಷ ಯಾರ ಶನಿವಾರವೂ ಹಾಳಾಗುವುದಿಲ್ಲ. ನಾವು ಹೀಗೇ ಮಾಡುತ್ತೇವೆ, ಎಲ್ಲರಿಗೂ ಖುಷಿ.

ನೋವಿ ನಿವಾಸಿ

@ಟ್ರಾಯ್‌ನಿಂದ, ಪ್ರವಾಸ ಚೆನ್ನಾಗಿರುತ್ತದೆ ಸರ್, ಇಲ್ಲ ಅನ್ನುವುದಿಲ್ಲ. ಆದರೆ ಕಲಿಯಲು ಅದು ಜಾಗ ಅಲ್ಲ. ಬ್ರೆಕೆನ್‌ರಿಡ್ಜ್ ಊರೇ 9,600 ಅಡಿ ಎತ್ತರದಲ್ಲಿದೆ. ನಾವು ಇಲ್ಲಿ 600, 900 ಅಡಿಯಲ್ಲಿ ಇರುವವರು. ಮೊದಲ ಎರಡು ದಿನ ಮಕ್ಕಳಿಗೆ ತಲೆನೋವು, ವಾಂತಿ ಬರಬಹುದು. ಬೋರ್ಡ್‌ನಲ್ಲಿ ಮೊದಲ ಮೂರು ದಿನ ಬಿದ್ದು ಏಳುವುದರಲ್ಲೇ ಕಳೆಯುತ್ತದೆ. ಅದಕ್ಕೆ ನಾಲ್ಕು ಜನರ ವಿಮಾನ, ಹೋಟೆಲ್ ಖರ್ಚು ಯಾಕೆ? ಬಿದ್ದು ಏಳುವುದೆಲ್ಲ ಇಲ್ಲೇ ಮುಗಿಯಲಿ, ಆಮೇಲೆ ಹೋಗಲಿ.

ಚಿಕ್ಕ ಗುಡ್ಡ ಅಂತ ಕಡೆಗಣಿಸಬೇಡಿ. ಒಲಿಂಪಿಕ್ಸ್‌ನಲ್ಲಿ ಸ್ನೋಬೋರ್ಡ್ ಬಂದಿದ್ದು 1998ರಲ್ಲಿ, ನಾಗಾನೊದಲ್ಲಿ. ಅಲ್ಲಿಂದ ಈಚೆಗೆ ನಮ್ಮ ಓಕ್ಲಂಡ್ ಕೌಂಟಿಯವರೇ ಎಷ್ಟು ಜನ ಹೋಗಿದ್ದಾರೆ ನೋಡಿ. 2014ರ ಸೋಚಿಗೆ ಹೈಲ್ಯಾಂಡ್‌ನ ಡ್ಯಾನಿ ಡೇವಿಸ್, ಮಿಲ್ಫರ್ಡ್‌ನ ಕಾರ್ಲಿ ಶೋರ್. 2018ರ ಪ್ಯೊಂಗ್‌ಚಾಂಗ್‌ನಲ್ಲಿ ವೆಸ್ಟ್ ಬ್ಲೂಮ್‌ಫೀಲ್ಡ್‌ನ ಕೈಲ್ ಮ್ಯಾಕ್ ಬಿಗ್ ಏರ್‌ನಲ್ಲಿ (ದೊಡ್ಡ ದಿಬ್ಬದಿಂದ ಹಾರಿ ಗಾಳಿಯಲ್ಲಿ ಕಸರತ್ತು ಮಾಡುವ ಸ್ಪರ್ಧೆ) ಬೆಳ್ಳಿ ಗೆದ್ದರು. ಪರ್ವತವೇ ಇಲ್ಲದ ಊರುಗಳಿವು. ಸ್ಕೀಯಿಂಗ್‌ನ (ಒಂದೊಂದು ಕಾಲಿಗೆ ಒಂದೊಂದು ಉದ್ದ ಪಟ್ಟಿ ಕಟ್ಟಿಕೊಂಡು ಜಾರುವುದು) ಲಿಂಡ್ಸಿ ವಾನ್ ಕೂಡ ಮಿನೆಸೋಟಾದ ಬಕ್ ಹಿಲ್‌ನಲ್ಲಿ ಬೆಳೆದವರು. ಅದೂ 300 ಅಡಿ ಆಸುಪಾಸಿನ ಗುಡ್ಡ. ಒಂದೇ ಸಂಜೆಯಲ್ಲಿ ಎಷ್ಟು ಸಲ ಬೋರ್ಡ್ ತಿರುಗಿಸುತ್ತೀರಿ ಅನ್ನುವುದರ ಮೇಲೆ ಕಲಿಕೆ ನಿಂತಿದೆ. ಆ ಲೆಕ್ಕದಲ್ಲಿ ಹತ್ತಿರದ ಗುಡ್ಡವೇ ಮೇಲು.

ಹಾಸನದವಳು, ಆನ್ ಆರ್ಬರ್

ಇಲ್ಲಿಯವರೆಗೆ ಬರೆದವರೆಲ್ಲ ಗುಡ್ಡಕ್ಕೆ ಹೋಗುವವರ ಲೆಕ್ಕ ಹಾಕಿದ್ದೀರಿ. ಮನೆಯಲ್ಲಿ ಇರುವವರ ಲೆಕ್ಕ ನಾನು ಹೇಳುತ್ತೇನೆ. ನಾನೂ ಬೋರ್ಡ್ ಮಾಡುತ್ತೇನೆ, ನಮ್ಮ ಮನೆಯವರೂ ಮಾಡುತ್ತಾರೆ. ಮಕ್ಕಳಿಗೆ ಏಳು, ನಾಲ್ಕು. ಹಾಗಾಗಿ ನಾನು ಎರಡೂ ಕಡೆ ನಿಂತು ನೋಡಿದ್ದೇನೆ.

ಎರಡು ಗಂಟೆ ಗುಡ್ಡ ಅಂದರೆ ಬರೀ ಎರಡು ಗಂಟೆ ಅಲ್ಲ. ಹೊರಡುವ ಮುಂಚೆ ಉಣ್ಣೆ ಕಾಲುಚೀಲದ ಜೋಡಿ ಹುಡುಕಬೇಕು. ಕನ್ನಡಕ ಯಾರ ಬ್ಯಾಗಿನಲ್ಲಿದೆ ನೋಡಬೇಕು. ವಾಪಸ್ ಬಂದ ಮೇಲೆ ಬಾಗಿಲ ಹತ್ತಿರ ಬೂಟಿನ ನೀರು. ಒದ್ದೆ ಮಿಟನ್ (ದಪ್ಪ ಕೈಗವಸು) ಒಣಗಬೇಕಾದರೆ ಒಳಗಿನ ಲೈನರ್ ಹೊರಗೆಳೆದು, ಬೆರಳೋ ತೋಳೋ ಮಡಚಿಕೊಳ್ಳದ ಹಾಗೆ ನೆಲದ ಹೀಟರ್ ವೆಂಟ್ ಮೇಲೆ ನಿಲ್ಲಿಸಬೇಕು. ಸುಮ್ನೆ ಬಿಸಾಕಿದರೆ ಮೇಲೆ ಒಣಗಿರುತ್ತದೆ, ಬೆಳಿಗ್ಗೆ ಮಗು ಸ್ಕೂಲಿಗೆ ಹಾಕಿಕೊಂಡಾಗ ಒಳಗೆ ತಣ್ಣಗೆ ಒದ್ದೆ. ಇದನ್ನೆಲ್ಲ ಯಾರು ಮಾಡುತ್ತಾರೆ ಅನ್ನುವುದೇ ನಿಜವಾದ ಪ್ರಶ್ನೆ. ಬಹಳ ಮನೆಗಳಲ್ಲಿ ಗುಡ್ಡಕ್ಕೆ ಹೋಗದವರೇ ಮಾಡುತ್ತಾರೆ.

ನಮ್ಮ ಮನೆಯ ನಿಯಮ ಇದು. ಹೋದವರೇ ತಯಾರಿ ಮಾಡಿಕೊಳ್ಳಬೇಕು, ಹೋದವರೇ ಬಂದು ಒಣಗಿಸಬೇಕು, ಎಷ್ಟು ಹೊತ್ತಾದರೂ ಸರಿ.

ಎರಡನೆಯದು, ಸಂಜೆ ಐದಕ್ಕೆ "ಇವತ್ತು ಹೋಗಲಾ?" ಅಂತ ಕೇಳುವ ಹಾಗಿಲ್ಲ. ಹಾಗೆ ಕೇಳಿದರೆ ಬೇಡ ಅನ್ನುವ ಭಾರ ನನ್ನ ತಲೆ ಮೇಲೆ ಬೀಳುತ್ತದೆ. ಹೂಂ ಅಂದರೆ ನನ್ನ ಸಂಜೆ ಹೋಯಿತು, ಬೇಡ ಅಂದರೆ ನಾನು ಕೆಟ್ಟವಳು. ಅದಕ್ಕೇ ನವೆಂಬರ್‌ನಲ್ಲೇ ಕೂತು ಕ್ಯಾಲೆಂಡರ್ ಬರೆಯುತ್ತೇವೆ. ಒಂದು ಸಂಜೆ ಅವರದು, ಒಂದು ಸಂಜೆ ನನ್ನದು. ನನ್ನ ಸಂಜೆ ನಾನು ಗುಡ್ಡಕ್ಕೆ ಹೋಗಲೇಬೇಕು ಅಂತಿಲ್ಲ. ಗೆಳತಿ ಮನೆಗೆ ಹೋಗಬಹುದು, ಬಾಗಿಲು ಹಾಕಿಕೊಂಡು ಮಲಗಬಹುದು. ಅದು ನನ್ನ ಹೆಸರಲ್ಲೇ ಇರುತ್ತದೆ. ಸಂಕ್ರಾಂತಿ ಕಾರ್ಯಕ್ರಮದ ವಾರ, ಮಕ್ಕಳಿಗೆ ಜ್ವರ ಬಂದ ವಾರ ಇಬ್ಬರದೂ ರದ್ದು.

ಎಲ್ಲರೂ ಒಟ್ಟಿಗೆ ಹೋಗುವ ದಿನದ ಬಗ್ಗೆಯೂ ಹೇಳಬೇಕು. ಗುಡ್ಡದ ಬುಡದಲ್ಲಿ ಕೂರಲು, ಊಟ ಮಾಡಲು ಇರುವ ಲಾಡ್ಜ್‌ನ ಒಳಗೆ ನೋಡಿ. ಮೇಜಿನ ಮೇಲೆ ನಾಲ್ಕು ಜನರ ಜಾಕೆಟ್, ಬ್ಯಾಗು, ಊಟದ ಡಬ್ಬಿ, ಅದರ ಪಕ್ಕ ಒಬ್ಬ ತಾಯಿ. ಮೂರು ಗಂಟೆ ಹೊತ್ತು ಕೂತಿರುತ್ತಾರೆ. ಅವರನ್ನು "ನಿಮಗೆ ಆಸಕ್ತಿ ಇಲ್ವಾ?" ಅಂತ ಕೇಳಿದರೆ ಇಲ್ಲ ಅಂತಲೇ ಹೇಳುತ್ತಾರೆ. ಬ್ಯಾಗು ಕಾಯುವ ಕೆಲಸ ಇನ್ನೊಬ್ಬರು ತೆಗೆದುಕೊಂಡು, ಒಂದು ಲೆಸನ್‌ಗೆ ದುಡ್ಡು ಕಟ್ಟಿ, ಆಮೇಲೆ ಕೇಳಿ ನೋಡಿ. ನನಗೆ ಇದು ಬಹಳ ಮುಖ್ಯ ಅನ್ನಿಸುತ್ತದೆ.

ಕ್ಯಾಂಟನ್ ಅಪ್ಪ

ಮೇಡಂ, ನಿಮ್ಮ ಮಾತು ನನ್ನ ಹೆಂಡತಿಗೂ ಓದಿ ಹೇಳಿದೆ. ನವೆಂಬರ್ ಕ್ಯಾಲೆಂಡರ್ ಅವಳಿಗೆ ತುಂಬಾ ಹಿಡಿಸಿತು. ಅವಳ ಸಂಜೆ ಗುಡ್ಡಕ್ಕೆ ಅಲ್ಲ, ವೀಣೆ ಕ್ಲಾಸಿಗೆ ಅಂತ ಆಗಲೇ ಹೇಳಿಯಾಯಿತು.

ಫಾರ್ಮಿಂಗ್ಟನ್ ಹಿಲ್ಸ್ ಫಿಸಿಯೋ

ನಾನು ಫಿಸಿಯೋಥೆರಪಿಸ್ಟ್. ಮನೆ ನಡೆಸುವವರು ಕೇಳಲೇಬೇಕಾದ ಮಾತು ಒಂದಿದೆ. ಸ್ಕೀಯಿಂಗ್‌ನಲ್ಲಿ ಜಾಸ್ತಿ ಪೆಟ್ಟು ಬೀಳುವುದು ಮಂಡಿಗೆ, ಸ್ನೋಬೋರ್ಡ್‌ನಲ್ಲಿ ಮಣಿಕಟ್ಟಿಗೆ. ಹೊಸಬರಿಗೆ ಇನ್ನೂ ಜಾಸ್ತಿ. ಎರಡು ಕಾಲೂ ಹಲಗೆಗೆ ಕಟ್ಟಿರುವುದರಿಂದ ಹೆಜ್ಜೆ ಬದಲಿಸಿ ತಡೆದುಕೊಳ್ಳಲು ಆಗುವುದಿಲ್ಲ. ಹಲಗೆಯ ಅಂಚು ಸ್ನೋನಲ್ಲಿ ಸಿಕ್ಕಿಕೊಂಡ ಕ್ಷಣದಲ್ಲೇ ಬೀಳುತ್ತೀರಿ, ಅಂಗೈ ತಾನಾಗಿ ಮುಂದೆ ಹೋಗುತ್ತದೆ, ಮೈ ಭಾರ ಪೂರ್ತಿ ಅದರ ಮೇಲೆ.

ಮಣಿಕಟ್ಟು ಮುರಿದರೆ ಸುಮಾರು ಆರು ವಾರ ಪ್ಲಾಸ್ಟರ್. ನಮ್ಮಲ್ಲಿ ಬಹಳ ಜನರ ಕೆಲಸ ಕೀಬೋರ್ಡ್ ಮೇಲೆ. ಐದು ವರ್ಷದ ಮಗನನ್ನು ಎತ್ತಿಕೊಳ್ಳುವ ಹಾಗಿಲ್ಲ, ಪಾತ್ರೆ ತೊಳೆಯುವ ಹಾಗಿಲ್ಲ. ಎಲ್ಲ ಕೆಲಸ ಇನ್ನೊಬ್ಬರ ಮೇಲೆ. ಅದಕ್ಕೇ ಮಣಿಕಟ್ಟು ಕಾಯುವ ರಿಸ್ಟ್ ಗಾರ್ಡ್ ಹಾಕಿ. ಮಿಟನ್ ಒಳಗೆ ಕೂರುವಂಥದ್ದು ಸಿಗುತ್ತದೆ. ಬೀಳುವಾಗ ಮುಷ್ಟಿ ಕಟ್ಟಿ, ಮುಂಗೈ (ಮೊಣಕೈಯಿಂದ ಮಣಿಕಟ್ಟಿನವರೆಗಿನ ಭಾಗ) ಮೇಲೆ ಬೀಳುವುದನ್ನು ಮೆತ್ತಗಿನ ಸ್ನೋ ಮೇಲೆ ಅಭ್ಯಾಸ ಮಾಡಿ. ಹಿಂದಕ್ಕೆ ಬಿದ್ದರೆ ಗಲ್ಲ ಎದೆಗೆ ಒತ್ತಿಕೊಳ್ಳಿ, ತಲೆ ಹಿಂದಕ್ಕೆ ಹೊಡೆಯುವುದು ತಪ್ಪುತ್ತದೆ. ಹೆಲ್ಮೆಟ್ ಬಗ್ಗೆ ಚರ್ಚೆಯೇ ಬೇಡ, ಅಪ್ಪ ಅಮ್ಮ ಹಾಕಿದರೆ ಮಕ್ಕಳೂ ಹಾಕುತ್ತಾರೆ. ಸೈಕಲ್ ಹೆಲ್ಮೆಟ್ ನಡೆಯುವುದಿಲ್ಲ.

ನಲವತ್ತು ದಾಟಿದವರು ಅಕ್ಟೋಬರ್‌ನಿಂದಲೇ ಸ್ಕ್ವಾಟ್ ಶುರು ಮಾಡಿ. ಕೊನೆಯ ಒಂದು ಸಲ ಅಂತ ಸುಸ್ತಾದ ಕಾಲಿನಲ್ಲಿ ಹತ್ತಬೇಡಿ.

ಗ್ರ್ಯಾಂಡ್ ರ‍್ಯಾಪಿಡ್ಸ್ ಕನ್ನಡಿಗ

ಪಶ್ಚಿಮ ಮಿಚಿಗನ್‌ನಿಂದ ಒಂದು ಮಾತು. ನಮಗೆ ಕ್ಯಾನನ್ಸ್‌ಬರ್ಗ್ ಹತ್ತಿರ, ಬಿಟರ್‌ಸ್ವೀಟ್ ಸ್ವಲ್ಪ ದೂರ. ಎರಡೂ ಇಂಥವೇ ಚಿಕ್ಕ ಗುಡ್ಡಗಳು.

ಈ ಆಟ ಹುಟ್ಟಿದ್ದೇ ಒಬ್ಬ ಅಪ್ಪನಿಂದ, ಅದೂ ನಮ್ಮ ಮಿಚಿಗನ್‌ನಲ್ಲಿ. 1965ರ ಕ್ರಿಸ್‌ಮಸ್ ದಿನ. ಮಸ್ಕೀಗನ್‌ನಲ್ಲಿ ಶರ್ಮನ್ ಪಾಪ್ಪೆನ್ ಅಂತ ಒಬ್ಬರು. ಹೆಂಡತಿ ತುಂಬು ಗರ್ಭಿಣಿ, ಮನೆಯೊಳಗೆ ಇಬ್ಬರು ಹೆಣ್ಣುಮಕ್ಕಳ ಗಲಾಟೆ. ಅವರನ್ನು ಸ್ವಲ್ಪ ಹೊತ್ತು ಹೊರಗೆ ಆಡಿಸೋಣ ಅಂತ ಎರಡು ಸ್ಕೀ ಪಕ್ಕಪಕ್ಕ ಇಟ್ಟು ಜೋಡಿಸಿ, ಮನೆ ಹಿಂದಿನ ದಿಬ್ಬದ ಮೇಲೆ ನಿಲ್ಲಿಸಿ ಜಾರಿಸಿದರು. ಅದಕ್ಕೆ ಸ್ನರ್ಫರ್ ಅಂತ ಹೆಸರಿಟ್ಟವರು ಹೆಂಡತಿ ನ್ಯಾನ್ಸಿ. ಆಮೇಲೆ ಬ್ರನ್ಸ್‌ವಿಕ್ ಕಂಪನಿ ಅದನ್ನು ತಯಾರಿಸಿ ಮಾರಿತು. ಮುಂದೆ ಹಿಡಿದುಕೊಳ್ಳಲು ಒಂದು ಹಗ್ಗ, ಕಾಲಿಗೆ ಕಟ್ಟು ಇಲ್ಲ. ಜೇಕ್ ಬರ್ಟನ್ ಹುಡುಗನಾಗಿದ್ದಾಗ ಇದರ ಮೇಲೆ ಆಡಿದವರು. 1977ರಲ್ಲಿ ವರ್ಮಾಂಟ್‌ನಲ್ಲಿ ಬರ್ಟನ್ ಅನ್ನುವ ಸ್ವಂತ ಬೋರ್ಡ್ ಕಂಪನಿ ಶುರು ಮಾಡಿದರು. 1979ರಲ್ಲಿ ಮಿಚಿಗನ್‌ನ ಸ್ನರ್ಫರ್ ಸ್ಪರ್ಧೆಗೆ ಕಾಲಿಗೆ ಕಟ್ಟುವ ಬೈಂಡಿಂಗ್ ಹಾಕಿದ ಹಲಗೆ ತಂದರು. ಪಾಪ್ಪೆನ್, ಬರ್ಟನ್ ಇಬ್ಬರೂ ತೀರಿಕೊಂಡಿದ್ದು ಒಂದೇ ವರ್ಷ, 2019ರಲ್ಲಿ. ಮಸ್ಕೀಗನ್ ಪೇಟೆಯಲ್ಲಿ ಸ್ನರ್ಫರ್ ನೆನಪಿನ ಶಿಲ್ಪ ಇದೆ. ಬೇಸಿಗೆಯಲ್ಲಿ ಬೀಚ್‌ಗೆ ಬಂದಾಗ ಮಕ್ಕಳಿಗೆ ತೋರಿಸಿ.

ಮನೆ ಒಂದು ಕಡೆ, ಬೋರ್ಡ್ ಒಂದು ಕಡೆ ಅಂತ ನಾವು ಎಳೆದಾಡುವಾಗ ನನಗೆ ಈ ಕಥೆ ಇಷ್ಟ. ಮೊದಲ ದಿನ ಅದು ಮಕ್ಕಳ ಆಟ, ಮನೆ ಹಿತ್ತಲಲ್ಲಿ.

ಶಿವಮೊಗ್ಗದ ಅಜ್ಜಿ

ಮಕ್ಕಳೇ, ನಾನು ಟ್ರಾಯ್‌ನಲ್ಲಿ ಮಗನ ಮನೆಯಲ್ಲಿದ್ದೇನೆ. ನಮ್ಮ ವಯಸ್ಸಿನವರು ಹೆಚ್ಚಾಗಿ ಬೇಸಿಗೆಗೆ ಬಂದು ಹೋಗುತ್ತಾರೆ, ನಾನು ಈ ಸಲ ಚಳಿಗಾಲಕ್ಕೂ ಉಳಿದೆ. ಮಗ ಸೊಸೆ ಇಬ್ಬರೂ ವಾರಕ್ಕೊಂದು ಸಂಜೆ ಒಟ್ಟಿಗೆ ಗುಡ್ಡಕ್ಕೆ ಹೋಗುತ್ತಾರೆ. ಮೊಮ್ಮಗಳನ್ನು ನಾನು ನೋಡಿಕೊಳ್ಳುತ್ತೇನೆ. ಗಂಡ ಹೆಂಡತಿ ಇಬ್ಬರೇ ಹೊರಗೆ ಹೋಗಿ ಬರಲಿ, ನನಗೆ ಅದು ಸಂತೋಷವೇ.

ಎರಡು ಮಾತು ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಅಜ್ಜಿ ಇದ್ದಾರಲ್ಲ ಅಂತ ಹೇಳದೇ ಹೊರಡಬೇಡಿ, ಹಿಂದಿನ ದಿನವೇ ಕೇಳಿ. ನಮಗೂ ಕಾಲು ನೋವು, ಊರಿಗೆ ಫೋನು, ನಮ್ಮದೇ ಕೆಲಸ ಇರುತ್ತದೆ. ಇನ್ನೊಂದು, ಎಷ್ಟು ಹೊತ್ತಿಗೆ ಬರುತ್ತೀರಿ ಅಂತ ಹೇಳಿ ಹೋಗಿ. ತಡವಾದರೆ ಒಂದು ಮೆಸೇಜು ಹಾಕಿ. ಹೊರಗೆ ರಸ್ತೆ ಮೇಲೆ ಐಸ್ ಇರುವಾಗ ಅರ್ಧ ಗಂಟೆ ತಡವಾದರೂ ನಮಗೆ ಜೀವ ಹಾರುತ್ತದೆ.

ಒಂದು ದಿನ ನನ್ನನ್ನೂ ಕರೆದುಕೊಂಡು ಹೋಗಿದ್ದರು. ಒಳಗೆ ಬೆಚ್ಚಗೆ ಕಿಟಕಿ ಹತ್ತಿರ ಕೂತು ನೋಡಿದೆ. ಮೊಮ್ಮಗಳು ಬಿದ್ದಾಗಲೆಲ್ಲ ನನ್ನ ಕಡೆ ಕೈ ಬೀಸಿ ಎದ್ದಳು. ಹಿರಿಯರಿಗೆ ಚಳಿ ಅಂತ ನೀವೇ ತೀರ್ಮಾನ ಮಾಡಬೇಡಿ. ಕೇಳಿ, ಬರುತ್ತೇವೆ.

ಹಾಸನದವಳು, ಆನ್ ಆರ್ಬರ್

ಅಜ್ಜಿ, ನಿಮ್ಮ ಮಾತು ನೂರಕ್ಕೆ ನೂರು ಸರಿ. ನಮ್ಮ ಅತ್ತೆಗೂ ತೋರಿಸುತ್ತೇನೆ.

ಕ್ಯಾಂಟನ್ ಅಪ್ಪ

ಎಲ್ಲರಿಗೂ ಧನ್ಯವಾದ. ಅಜ್ಜಿಗೆ ನಮಸ್ಕಾರ. ಈಗ ಮಕ್ಕಳ ವಿಷಯ. ಮಗಳು ನಾಲ್ಕನೇ ಕ್ಲಾಸ್, ಅವಳಿಗೆ ಬೋರ್ಡೇ ಬೇಕಂತೆ. ಮಗನೂ ಹಟ ಮಾಡುತ್ತಿದ್ದಾನೆ. ಸಾಮಾನು ಕೊಳ್ಳಬೇಕಾ, ಬಾಡಿಗೆ ಸಾಕಾ? ಐದು ವರ್ಷಕ್ಕೆ ಬೋರ್ಡ್ ಆಗುತ್ತಾ?

ನೋವಿ ನಿವಾಸಿ

ನಾಲ್ಕನೇ ಕ್ಲಾಸ್ ಅಂದರೆ ಒಳ್ಳೆಯ ಸಮಯ. ಮಿಚಿಗನ್‌ನ ಸ್ಕೀ ಉದ್ಯಮದವರ ಸಂಘ 4 ಮತ್ತು 5ನೇ ತರಗತಿಯ ಮಕ್ಕಳಿಗೆ ಅಂತಲೇ ಒಂದು ಪಾಸ್‌ಪೋರ್ಟ್ ಕೊಡುತ್ತದೆ. ರಾಜ್ಯದ ಬಹಳ ಗುಡ್ಡಗಳ ಟಿಕೆಟ್ ಅದರಲ್ಲಿ ಸೇರಿರುತ್ತದೆ. ಸ್ಕೂಲಿನಲ್ಲಿ ಸ್ಕೀ ಕ್ಲಬ್ ಇದೆಯಾ ಅಂತಲೂ ಕೇಳಿ. ಇದ್ದರೆ ಸಂಜೆ ಬಸ್ಸಿನಲ್ಲಿ ಕರೆದುಕೊಂಡು ಹೋಗಿ ಬಿಡುತ್ತಾರೆ.

ಸಾಮಾನು ಕೊಳ್ಳಬೇಡಿ. ಇಡೀ ಸೀಸನ್‌ಗೆ ಬಾಡಿಗೆ ಕೊಡುವ ಅಂಗಡಿಗಳಿವೆ. ಅಕ್ಟೋಬರ್, ನವೆಂಬರ್‌ನಲ್ಲೇ ಹೋದರೆ ಸೈಜ್ ಸಿಗುತ್ತದೆ. ಪ್ರತಿ ಸಲ ಗುಡ್ಡದ ಬಾಡಿಗೆ ಕೌಂಟರಿನಲ್ಲಿ ನಿಲ್ಲುವುದು ತಪ್ಪುತ್ತದೆ. ಅಳುವ ಮಗು ಜೊತೆಗಿದ್ದಾಗ ಆ ನಲವತ್ತು ನಿಮಿಷದ ಬೆಲೆ ಗೊತ್ತಾಗುತ್ತದೆ. ಬೂಟ್ ಮಾತ್ರ ಮುಂದಿನ ವರ್ಷಕ್ಕೂ ಆಗಲಿ ಅಂತ ದೊಡ್ಡದು ತರಬೇಡಿ. ನಿಂತಾಗ ಬೆರಳ ತುದಿ ಮುಂದೆ ಹಗುರವಾಗಿ ತಾಗಬೇಕು, ಮಂಡಿ ಬಗ್ಗಿಸಿದಾಗ ಹಿಮ್ಮಡಿ ಮೇಲೆ ಏಳಬಾರದು. ಹಿಮ್ಮಡಿ ಎದ್ದರೆ ಬೋರ್ಡ್ ಮಾತು ಕೇಳುವುದಿಲ್ಲ. ಕಾಲುಚೀಲ ಒಂದೇ ಜೋಡಿ, ತೆಳು ಉಣ್ಣೆಯದ್ದು. ಎರಡು ಹಾಕಿದರೆ ರಕ್ತ ಓಡದೆ ಇನ್ನೂ ತಣ್ಣಗಾಗುತ್ತದೆ. ಹತ್ತಿ ಬಟ್ಟೆ, ಜೀನ್ಸ್ ಬೇಡವೇ ಬೇಡ.

ಹಾಸನದವಳು, ಆನ್ ಆರ್ಬರ್

ಐದು ವರ್ಷಕ್ಕೆ ಆಗುತ್ತದೆ, ಆದರೆ ಅವನ ಲೆಕ್ಕದಲ್ಲಿ. ಬರ್ಟನ್‌ನವರು ಚಿಕ್ಕ ಮಕ್ಕಳಿಗೆ ಅಂತಲೇ ಬೋರ್ಡ್ ಮುಂದೆ ಹಗ್ಗದ ಸುರುಳಿ ಹಾಕಿಕೊಳ್ಳುವ ಹಾಗೆ ಮಾಡಿದ್ದಾರೆ. ಮೊದಲು ಮನೆ ಮುಂದೆ, ಪಾರ್ಕಿನಲ್ಲಿ ಸಮತಟ್ಟು ಜಾಗದಲ್ಲಿ ಹಗ್ಗ ಹಿಡಿದು ಎಳೆಯಿರಿ. ನಿಲ್ಲುವುದು ಬಂದ ಮೇಲೆ ಗುಡ್ಡದಲ್ಲಿ ಹೊಸಬರನ್ನು ನಿಲ್ಲಿಸಿಕೊಂಡು ಮೇಲಕ್ಕೆ ಸಾಗಿಸುವ ಕನ್ವೇಯರ್ ಬೆಲ್ಟ್ ಹತ್ತಿರ ಹೋಗಿ. ಚೇರ್‌ಲಿಫ್ಟ್‌ಗೆ ಅವಸರ ಬೇಡ. ಅವನು ಸಾಕು ಅಂದರೆ ಸಾಕು, ಅರ್ಧ ಗಂಟೆ ಆಗಿದ್ದರೂ ಸರಿ. ಅರ್ಧ ಗಂಟೆ ದಾರಿಯ ಗುಡ್ಡ ಆದರೆ ಅಷ್ಟಕ್ಕೇ ಮನೆಗೆ ಬರಲು ಹೊಟ್ಟೆ ಉರಿಯುವುದಿಲ್ಲ. ನಾಲ್ಕು ಗಂಟೆ ಓಡಿಸಿ ಹೋಗಿದ್ದರೆ ಮಗು ಅಳುತ್ತಿದ್ದರೂ ಇನ್ನೊಂದು ಸಲ ಅನ್ನುತ್ತೇವೆ.

ಮಗಳಿಗೆ ಮೊದಲ ಎರಡು ಪಾಠ ನೀವು ಹೇಳಿಕೊಡಬೇಡಿ, ಲೆಸನ್‌ಗೆ ಹಾಕಿ. ಅಪ್ಪ ಹೇಳಿದರೆ ಜಗಳ, ಟೀಚರ್ ಹೇಳಿದರೆ ಕೇಳುತ್ತಾರೆ. ಬೋರ್ಡಿನ ಹಿಮ್ಮಡಿ ಕಡೆಯ ಅಂಚಿನ ಮೇಲೆ ನಿಂತು ಎಡಕ್ಕೆ ಬಲಕ್ಕೆ ನಿಧಾನ ಜಾರುವುದು ಬಂದರೆ ಅರ್ಧ ಭಯ ಹೋಗುತ್ತದೆ. ಊಟ ಮನೆಯಿಂದಲೇ ಒಯ್ಯಿರಿ. ಚಪಾತಿ ಪಲ್ಯ ಸುತ್ತಿ ಫಾಯಿಲ್‌ನಲ್ಲಿ ಹಾಕಿ, ಫ್ಲಾಸ್ಕ್‌ನಲ್ಲಿ ಬಿಸಿ ಸಾರು. ಸಸ್ಯಾಹಾರಿಗಳಿಗೆ ಅಲ್ಲಿ ಫ್ರೈಸ್ ಬಿಟ್ಟು ಜಾಸ್ತಿ ಏನೂ ಸಿಗುವುದಿಲ್ಲ.

ಫಾರ್ಮಿಂಗ್ಟನ್ ಹಿಲ್ಸ್ ಫಿಸಿಯೋ

ಚಳಿ ಬಗ್ಗೆ ಒಂದು ಸಾಲು ಸೇರಿಸುತ್ತೇನೆ. ವಿಂಡ್ ಚಿಲ್ (ಗಾಳಿಯೂ ಸೇರಿ ಮೈಗೆ ತಾಗುವ ಚಳಿ) ಮೈನಸ್ 28 ಸೆಲ್ಸಿಯಸ್ ಹತ್ತಿರ ಹೋದರೆ ಬರಿ ಚರ್ಮಕ್ಕೆ ಅರ್ಧ ಗಂಟೆಯಲ್ಲಿ ಫ್ರಾಸ್ಟ್‌ಬೈಟ್ (ಚರ್ಮ ಹೆಪ್ಪುಗಟ್ಟುವುದು) ಆಗಬಹುದು. ಲಿಫ್ಟ್ ಮೇಲೆ ಕೂತಾಗ ಮಕ್ಕಳ ಮೂಗು, ಕೆನ್ನೆ, ಕಿವಿ ನೋಡುತ್ತಿರಿ. ಬಿಳಿಚಿಕೊಂಡರೆ ಅಥವಾ ಮುಟ್ಟಿದ್ದು ಗೊತ್ತಾಗುತ್ತಿಲ್ಲ ಅಂದರೆ ಕೂಡಲೇ ಒಳಗೆ ಕರೆದುಕೊಂಡು ಬನ್ನಿ. ಉಜ್ಜಬೇಡಿ.

ಟ್ರಾಯ್‌ನಿಂದ

ಎಲ್ಲವನ್ನೂ ಓದಿದೆ. ನಮ್ಮ ಕೊಲರಾಡೋ ಪ್ರವಾಸ ಬಿಡುವುದಿಲ್ಲ, ಅದು ನಮಗೆ ಹಬ್ಬ. ಆದರೆ ಅದಕ್ಕೆ ಮುಂಚೆ ಮಕ್ಕಳ ಕಾಲು ಅಭ್ಯಾಸವಾಗಲಿ ಅಂತ ಜನವರಿಯಲ್ಲಿ ಪೈನ್ ನಾಬ್‌ಗೆ ಸಂಜೆ ಹೊತ್ತು ಕರೆದುಕೊಂಡು ಹೋಗೋಣ ಅಂದುಕೊಂಡಿದ್ದೇನೆ. ಟ್ರಾಯ್‌ನಿಂದ ಯಾರಾದರೂ ಬರುವವರಿದ್ದರೆ ನನ್ನ ಕಾರಿನಲ್ಲಿ ಎರಡು ಸೀಟ್ ಖಾಲಿ ಇದೆ.

ಕ್ಯಾಂಟನ್ ಅಪ್ಪ

ನಾವು ಕೂತು ಬರೆದದ್ದು ಹೀಗೆ. ಬುಧವಾರ ಸಂಜೆ ನನ್ನದು, ಊಟ ಹೋಂವರ್ಕ್ ಮುಗಿಸಿಯೇ ಹೊರಡುವುದು. ಶುಕ್ರವಾರ ಸಂಜೆ ಹೆಂಡತಿಯದು, ವೀಣೆ. ತಿಂಗಳಿಗೆ ಒಂದು ಭಾನುವಾರ ಗುಡ್ಡ ತೆರೆಯುವ ಹೊತ್ತಿಗೇ ನಾಲ್ಕೂ ಜನ ಹೋಗಿ, ಜನ ಜಾಸ್ತಿ ಆಗುವ ಮುಂಚೆ ವಾಪಸ್. ಅವತ್ತು ಬ್ಯಾಗು ಕಾಯುವ ಕೆಲಸ ನನ್ನದು, ಅವಳಿಗೆ ಲೆಸನ್ ಬುಕ್ ಮಾಡಿದ್ದೇನೆ. ಸಂಕ್ರಾಂತಿ ವಾರ ಏನೂ ಇಲ್ಲ. ಮಗಳ ಪಾಸ್‌ಪೋರ್ಟ್‌ಗೆ ಅರ್ಜಿ ಹಾಕಿಯಾಯಿತು.

ನೋವಿ ಸರ್, ಬುಧವಾರ ನೀವು ಹೋಗುತ್ತೀರಾ?

ನೋವಿ ನಿವಾಸಿ

ಹೋಗುತ್ತೇನೆ. ಏಳು ಗಂಟೆಗೆ ಟಿಕೆಟ್ ಕೌಂಟರ್ ಹತ್ತಿರ ಸಿಗೋಣ. ರಿಸ್ಟ್ ಗಾರ್ಡ್ ಇನ್ನೂ ತಗೊಂಡಿಲ್ಲ ಅಂದರೆ ನನ್ನ ಹತ್ತಿರ ಒಂದು ಜೊತೆ ಹೆಚ್ಚಿಗೆ ಇದೆ, ತರುತ್ತೇನೆ.